ಡೀಸೆಲ್ ಟ್ಯಾಂಕಿನ ಗಾಳಿ ಪೈಪು



ಹೈದರಾಬಾದಿನ ಸುಲ್ತಾನ್ ಬಜಾರಿನಲ್ಲಿ ಬೆಳಗಿನ ಜಾವ ಅಂಗಡಿಗಳ ಶಟರ್ ಏಳುವ ಮೊದಲು ಒಂದು ಸುತ್ತು ಹಾಕಿದರೆ, ನಿಂತ ಪಿಕಪ್‌ಗಳ ನಂಬರ್ ಪ್ಲೇಟುಗಳಲ್ಲಿ ನಮ್ಮ ಕಡೆಯ ಊರುಗಳು ಕಾಣಸಿಗುತ್ತವೆ. ಕೆಎ 38 ಬೀದರಿನದು, ಕೆಎ 39 ಭಾಲ್ಕಿಯದು, ಕೆಎ 32 ಕಲಬುರಗಿಯದು. ಬಟ್ಟೆಯ ಗಂಟು, ಪಾತ್ರೆ, ಶಾಲೆಯ ಪುಸ್ತಕ ಎಲ್ಲವನ್ನೂ ತುಂಬಿಕೊಂಡು ಹೋಗಲು ಬಂದ ಗಾಡಿಗಳು. ಇದು ಇಂದು ನಿನ್ನೆಯ ಸಂಬಂಧವಲ್ಲ. ಬ್ರಿಟಿಷ್ ರೆಸಿಡೆನ್ಸಿಯ ಸುತ್ತ ಬೆಳೆದ ಈ ಪೇಟೆ 1933ರಲ್ಲಿ ನಿಜಾಮರ ಕೈಗೆ ಮರಳಿ ಸುಲ್ತಾನ್ ಬಜಾರ್ ಆಯಿತು. ಆಗ ಬೀದರ, ಕಲಬುರಗಿ, ರಾಯಚೂರು ಮೂರೂ ಹೈದರಾಬಾದ್ ಸಂಸ್ಥಾನದ ಜಿಲ್ಲೆಗಳೇ. 1956ರಲ್ಲಿ ರಾಜ್ಯಗಳು ಬೇರೆಯಾದವು, ವ್ಯಾಪಾರ ಬೇರೆಯಾಗಲಿಲ್ಲ. ಮದುವೆ ಸೀರೆ ಎಂದರೆ ಈಗಲೂ ಆ ಕಡೆಯ ಬಹಳ ಮನೆಗಳಿಗೆ ಹೈದರಾಬಾದೇ.

ಆ ವ್ಯಾಪಾರವನ್ನು ಹೊತ್ತು ತರುವ ಡೀಸೆಲ್ ಪಿಕಪ್‌ನಲ್ಲಿ ಯಾರೂ ಬಗ್ಗಿ ನೋಡದ ಒಂದು ಸಾಮಾನಿದೆ. ಅದೇ ಡೀಸೆಲ್ ಟ್ಯಾಂಕಿನ ಗಾಳಿ ಪೈಪು. ಮೆಕ್ಯಾನಿಕ್‌ಗಳು ಬ್ರೀದರ್ ಪೈಪ್ ಅನ್ನುತ್ತಾರೆ, ಕೆಲವರು ವೆಂಟ್ ಹೋಸ್ ಅನ್ನುತ್ತಾರೆ. ಬೆರಳು ಗಾತ್ರದ ರಬ್ಬರ್ ಪೈಪು, ಮೊಳವೋ ಎರಡು ಮೊಳವೋ ಉದ್ದ. ಇದು ಮುಚ್ಚಿಕೊಂಡರೆ ಗಾಡಿ ಹೇಗೆ ಮೋಸ ಮಾಡುತ್ತದೆ, ಆ ಮೋಸಕ್ಕೆ ನಾವು ಯಾರು ಯಾರನ್ನೋ ಹೇಗೆ ಬೈಯುತ್ತೇವೆ ಎಂಬುದೇ ಇವತ್ತಿನ ಮಾತು.

ಕಿರಾಣಿ ಅಂಗಡಿಯವನು ಎಣ್ಣೆ ಡಬ್ಬಿಗೆ ಎರಡು ತೂತು ಹೊಡೆಯುತ್ತಾನೆ. ಒಂದರಿಂದ ಎಣ್ಣೆ ಹೊರಗೆ, ಇನ್ನೊಂದರಿಂದ ಗಾಳಿ ಒಳಗೆ. ಒಂದೇ ತೂತು ಹೊಡೆದರೆ ಗುಳುಗುಳು ಸದ್ದು ಮಾಡಿ ಎಣ್ಣೆ ನಿಂತು ನಿಂತು ಬೀಳುತ್ತದೆ. ಡೀಸೆಲ್ ಟ್ಯಾಂಕಿಗೂ ಇದೇ ನಿಯಮ. ಗಂಟೆಗೆ ಐದು ಲೀಟರ್ ಡೀಸೆಲ್ ಉರಿದರೆ ಅಷ್ಟೇ ಜಾಗಕ್ಕೆ ಐದು ಲೀಟರ್ ಗಾಳಿ ಒಳಗೆ ಬರಬೇಕು. ಬಾರದಿದ್ದರೆ ಟ್ಯಾಂಕಿನೊಳಗೆ ಒತ್ತಡ ಇಳಿಯುತ್ತದೆ, ಪಂಪು ಎಳೆಯಲಾರದೆ ಒದ್ದಾಡುತ್ತದೆ, ಎಂಜಿನ್‌ಗೆ ಡೀಸೆಲ್ ಸಾಲದೆ ಹೋಗುತ್ತದೆ.

ಇಳಿದ ಒತ್ತಡ ಎಂದರೆ ಏನೂ ಇಲ್ಲ ಎಂದುಕೊಳ್ಳಬೇಡಿ. ಹೊರಗಿನ ಗಾಳಿಯ ಒತ್ತಡಕ್ಕಿಂತ ಒಳಗಿನದು ಹತ್ತರಲ್ಲಿ ಒಂದು ಪಾಲು ಕಡಿಮೆಯಾಯಿತು ಎನ್ನಿ. 60 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಟ್ಯಾಂಕಿನ ಒಂದು ಮೈ ಮೇಲೆ ಆಗ ಸುಮಾರು 240 ಕಿಲೋ ಭಾರ ಕೂತಂತಾಗುತ್ತದೆ. ತಗಡಿನ ಟ್ಯಾಂಕು ಒಳಕ್ಕೆ ಜಗ್ಗಿ ಗುಳಿ ಬಿದ್ದಿರುವುದನ್ನು ಗುಜರಿಯಲ್ಲಿ ನೋಡಿದವರುಂಟು. ಕಲ್ಲು ಹೊಡೆದದ್ದು ಎಂದು ಹೇಳಿ ಮಾರುತ್ತಾರೆ. ಕಲ್ಲು ಹೊಡೆದರೆ ಗುಳಿಯಲ್ಲಿ ಗೀರು ಇರುತ್ತದೆ, ಬಣ್ಣ ಎದ್ದಿರುತ್ತದೆ. ಗಾಳಿ ಎಳೆದ ಗುಳಿ ಅಗಲವಾಗಿ, ನುಣ್ಣಗೆ, ಬಣ್ಣ ಮಾಸದೆ ಇರುತ್ತದೆ. ಪ್ಲಾಸ್ಟಿಕ್ ಟ್ಯಾಂಕು ಒಂದಿಷ್ಟು ಕುಗ್ಗಿ ಮತ್ತೆ ಹಿಗ್ಗುತ್ತದೆ, ಹಾಗಾಗಿ ಕುರುಹು ಸಹ ಉಳಿಸುವುದಿಲ್ಲ.

ಈಗ ಮೋಸದ ವಿಚಾರಕ್ಕೆ ಬರೋಣ. ಹುಮನಾಬಾದಿನಿಂದ ಒಬ್ಬ ಚಾಲಕ ಹೊರಟ. ಬಂಕಿನಲ್ಲಿ ಟ್ಯಾಂಕು ಫುಲ್ ಮಾಡಿಸಿದ. 65ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ ಹಿಡಿದು ಜಹೀರಾಬಾದ್ ದಾಟುತ್ತಿದ್ದಂತೆ ಗಾಡಿ ಎಳೆಯಲೊಲ್ಲದು. ಆಕ್ಸಿಲರೇಟರ್ ಒತ್ತಿದರೂ ವೇಗ ಏರಲಿಲ್ಲ, ಏರು ಬಂದಾಗ ತಡವರಿಸಿತು, ಕೊನೆಗೆ ಬಂದ್ ಬಿತ್ತು. ಅವನ ಬಾಯಿಗೆ ಮೊದಲು ಬರುವ ಮಾತು, ‘ಬಂಕಿನವ ಕೆಟ್ಟ ಡೀಸೆಲ್ ಹಾಕ್ಯಾನ’. ಅವನ ತರ್ಕದಲ್ಲಿ ತಪ್ಪಿಲ್ಲ. ಖಾಲಿ ಇದ್ದಾಗ ನೆಟ್ಟಗೆ ಓಡಿದ ಗಾಡಿ ಫುಲ್ ಮಾಡಿಸಿದ ಮೇಲೇ ಕೈಕೊಟ್ಟಿತಲ್ಲ!

ಆದರೆ ಲೆಕ್ಕ ಬೇರೆ ಇದೆ. 60 ಲೀಟರಿನ ಟ್ಯಾಂಕು ಅರ್ಧ ಖಾಲಿ ಇದ್ದಾಗ ಒಳಗೆ 30 ಲೀಟರ್ ಗಾಳಿ ಇರುತ್ತದೆ. ಒಂದು ಲೀಟರ್ ಡೀಸೆಲ್ ಹೊರಗೆ ಹೋದರೆ ಆ ಗಾಳಿ 31 ಲೀಟರ್ ಜಾಗಕ್ಕೆ ಹರಡುತ್ತದೆ, ಒತ್ತಡ ಬಹಳ ಇಳಿಯುವುದಿಲ್ಲ. ಟ್ಯಾಂಕು ತುಂಬಿ ಮೇಲೆ ಐದೇ ಲೀಟರ್ ಗಾಳಿ ಉಳಿದಿದ್ದರೆ, ಅದೇ ಒಂದು ಲೀಟರ್ ಹೋದಾಗ ಒತ್ತಡ ಆರರಲ್ಲಿ ಒಂದು ಪಾಲು ಬಿದ್ದುಬಿಡುತ್ತದೆ. ಗಾಳಿ ಪೈಪು ಪೂರ್ತಿ ಕಟ್ಟಿದ್ದರೆ ಫುಲ್ ಟ್ಯಾಂಕಿನಲ್ಲೇ ಗಾಡಿ ಬೇಗ ನಿಲ್ಲುತ್ತದೆ. ಪಾಪ ಬಂಕಿನವನದು ಇಲ್ಲಿ ಏನೂ ಇಲ್ಲ.

ಮೋಸ ಇನ್ನೂ ಮುಗಿದಿಲ್ಲ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾನೆ. ಅವನು ಬರುವುದಕ್ಕೆ ಅರ್ಧ ಗಂಟೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಮುಚ್ಚಿದ ಪೈಪಿನ ಸಂದಿಯಿಂದಲೋ ಮುಚ್ಚಳದ ವಾಷರಿನಿಂದಲೋ ಗಾಳಿ ನಿಧಾನವಾಗಿ ಟ್ಯಾಂಕಿನೊಳಗೆ ಸೋರಿ ಒತ್ತಡ ಸರಿಹೋಗಿರುತ್ತದೆ. ಮೆಕ್ಯಾನಿಕ್ ಬಂದವನೇ ‘ಏರ್ ಹಿಡಿದದ’ ಎಂದು ಫಿಲ್ಟರಿನ ಮೇಲಿನ ಕೈಪಂಪು ಒತ್ತುತ್ತಾನೆ, ಸೆಲ್ಫ್ ಹೊಡೆಯುತ್ತಾನೆ, ಗಾಡಿ ಸ್ಟಾರ್ಟ್! ಆ ಹೊತ್ತಿನಲ್ಲಿ ಅವನು ಏನು ಮಾಡಿದ್ದರೂ ಗಾಡಿ ಸ್ಟಾರ್ಟ್ ಆಗುತ್ತಿತ್ತು. ಫಿಲ್ಟರ್ ಬದಲಿಸಿದ್ದರೆ ಫಿಲ್ಟರಿಗೆ ಹೆಸರು, ವೈರ್ ಅಲ್ಲಾಡಿಸಿದ್ದರೆ ವೈರಿಗೆ ಹೆಸರು. ಮುಂದಿನ ವಾರ ಅದೇ ರೋಗ, ಈ ಸಲ ಪಂಪಿನ ಮೇಲೆ ಅನುಮಾನ. ಹೀಗೆ ದೊಡ್ಡ ಸಾಮಾನುಗಳೆಲ್ಲ ಬದಲಾದ ಮೇಲೆ ಯಾರೋ ಒಬ್ಬ ಗಾಳಿ ಪೈಪು ಕಿತ್ತು ನೋಡುತ್ತಾನೆ. ಮೆಕ್ಯಾನಿಕ್ ಕಳ್ಳ ಎಂದು ನಾನು ಹೇಳುತ್ತಿಲ್ಲ. ತನ್ನ ಚಿಕಿತ್ಸೆ ಫಲಿಸಿದ್ದನ್ನು ಕಣ್ಣಾರೆ ಕಂಡವನು ಅದನ್ನು ನಂಬದೆ ಇನ್ನೇನು ಮಾಡಿಯಾನು?

ಇದಕ್ಕೆ ಪರೀಕ್ಷೆ ಕಾಸಿಲ್ಲದ್ದು. ಗಾಡಿ ಎಳೆಯದೆ ಹೋದಾಗ, ಆಗಲೇ, ಕಾಯದೆ, ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ ಡೀಸೆಲ್ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಕಿವಿಗೊಡಿ. ಸ್ವಲ್ಪ ‘ಸ್’ ಎಂದರೆ ಗಾಬರಿ ಬೇಡ, ಕೆಲವು ಮುಚ್ಚಳಗಳಲ್ಲಿ ಚಿಕ್ಕ ವಾಲ್ವ್ ಇರುತ್ತದೆ, ಅಷ್ಟು ಸದ್ದು ಸಹಜ. ಆದರೆ ಗಾಳಿಯನ್ನು ಉದ್ದಕ್ಕೆ ಒಳಗೆಳೆದುಕೊಂಡು, ಮುಚ್ಚಳ ಮತ್ತೆ ಹಾಕಿ ಹೊರಟ ಕೂಡಲೇ ಗಾಡಿ ಮೊದಲಿನ ಹಾಗೆ ಎಳೆದರೆ ರೋಗ ಸಿಕ್ಕಿತು. ಇನ್ನು ಕೆಲವರು ಇಲ್ಲಿಗೇ ಕೈಬಿಟ್ಟು ಮುಚ್ಚಳ ಸಡಿಲ ಬಿಟ್ಟುಕೊಂಡೇ ವರ್ಷಗಟ್ಟಲೆ ಓಡಿಸುತ್ತಾರೆ. ನಮ್ಮ ರಸ್ತೆಯ ದೂಳು, ಮಳೆಗಾಲದ ನೀರು ಎರಡಕ್ಕೂ ಬಾಗಿಲು ತೆರೆದಿಟ್ಟ ಹಾಗೆ ಅದು. ಇಂದಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ ಡೀಸೆಲ್ ಒತ್ತಡ 1,600 ಬಾರ್, ಕೆಲವದರಲ್ಲಿ ಅದಕ್ಕೂ ಮೇಲೆ ಹೋಗುತ್ತದೆ. ಅಂಥ ಇಂಜೆಕ್ಟರಿಗೆ ಒಂದು ಹನಿ ನೀರು, ಒಂದು ಚಿಟಿಕೆ ಮಣ್ಣೂ ಹೆಚ್ಚೇ.

ಹಾಗಾದರೆ ಪೈಪು ಕಟ್ಟುವುದು ಹೇಗೆ? ದಖ್ಖನಿನ ಮಣ್ಣೇ ಅರ್ಧ ಉತ್ತರ. ಕರಿ ಎರೆಮಣ್ಣಿನ ಹೊಲದ ದಾರಿಯಲ್ಲಿ ತೊಗರಿ ತುಂಬಲು ಹೋದ ಗಾಡಿಯ ಅಡಿಗೆ ಮೆತ್ತಿದ ಕೆಸರು ಒಣಗಿ ಗಟ್ಟಿಯಾಗುತ್ತದೆ. ಪೈಪಿನ ಹೊರತುದಿ ಕೆಳಮುಖವಾಗಿ ಎಲ್ಲೋ ಚಾಸಿಯ ಮರೆಯಲ್ಲಿರುತ್ತದೆ, ಅದರ ಬಾಯಿಗೆ ಈ ಮಣ್ಣು ಕೂರುತ್ತದೆ. ಗಾಡಿ ಹದಿನೈದು ದಿನ ಒಂದೇ ಕಡೆ ನಿಂತರೆ ಮಣ್ಣಿನ ಗೂಡು ಕಟ್ಟುವ ಕಣಜ ಅದೇ ತೂತನ್ನು ಹುಡುಕಿಕೊಂಡು ಬರುತ್ತದೆ. ಕಾಳಿನ ಗೋದಾಮಿನ ಹತ್ತಿರ ನಿಲ್ಲಿಸುವವರ ಪೈಪನ್ನು ಇಲಿ ಕಡಿಯುತ್ತದೆ.

ಉಳಿದರ್ಧ ನಾವೇ ಮಾಡಿಕೊಳ್ಳುವುದು. ಸರಕು ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ತಪಾಸಣೆ ಆಗಬೇಕು. ಅದಕ್ಕೆ ಮೊದಲು ಗಾಡಿಯ ಅಡಿಗೆಲ್ಲ ಕಪ್ಪು ಪೇಂಟ್ ಸ್ಪ್ರೇ ಹೊಡೆಸುವ ರೂಢಿ ಇದೆ. ಸ್ಪ್ರೇ ಹುಡುಗನಿಗೆ ಚಾಸಿಯೂ ಒಂದೇ, ಪೈಪಿನ ಬಾಯಿಯೂ ಒಂದೇ. ವಾಟರ್ ಸರ್ವೀಸ್ ಮಾಡಿಸಿ ಕೊನೆಗೆ ಹಳೆ ಆಯಿಲ್ಲೋ ಡೀಸೆಲ್ಲೋ ಬೆರೆಸಿ ಅಡಿಗೆ ಸಿಂಪಡಿಸುತ್ತಾರಲ್ಲ, ತುಕ್ಕು ಹಿಡಿಯದಿರಲಿ ಎಂದು, ಅದು ರಬ್ಬರಿನ ಹೊರಮೈಯನ್ನು ಉಬ್ಬಿಸುತ್ತದೆ, ಮೇಲಾಗಿ ಮರುದಿನದ ದೂಳನ್ನೆಲ್ಲ ಹಿಡಿದಿಡುತ್ತದೆ. ಮುಚ್ಚಳ ಕಳೆದುಹೋದಾಗ ಸಿಕ್ಕ ಮುಚ್ಚಳ ತಂದು ಹಾಕುವುದು, ಸೋರುತ್ತದೆಂದು ಮುಚ್ಚಳದ ಅಡಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಸುವುದು, ಇವೂ ಗಾಳಿಯ ದಾರಿ ಕಟ್ಟುವ ಉಪಾಯಗಳೇ.

ಬಂಕಿನ ರೌಂಡ್ ಫಿಗರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಟ್ಯಾಂಕಿನಲ್ಲಿ ಇನ್ನೊಂದು ಗಾಳಿ ಪೈಪು ಇರುತ್ತದೆ, ಡೀಸೆಲ್ ಇಳಿಯುವ ದಪ್ಪ ಪೈಪಿನ ಪಕ್ಕದಲ್ಲೇ ಮೇಲಕ್ಕೆ ಬರುವಂಥದ್ದು. ಡೀಸೆಲ್ ಒಳಗೆ ಇಳಿಯುವಾಗ ಗಾಳಿ ಇದರಲ್ಲಿ ಹೊರಡುತ್ತದೆ. ಬಂಕಿನ ಗನ್ನಿನ ತುದಿಯಲ್ಲಿ ಒಂದು ಸಣ್ಣ ರಂಧ್ರವಿದೆ. ಡೀಸೆಲ್ ಮೇಲೇರಿ ಅದನ್ನು ಮುಚ್ಚಿದ ಕೂಡಲೇ ಗನ್ ಟಕ್ ಎಂದು ತಾನೇ ನಿಲ್ಲುತ್ತದೆ. ಅಲ್ಲಿಗೆ ಬಿಡಬೇಕು. ನಮ್ಮವರು ಬಿಡುವುದಿಲ್ಲ. 3,940 ರೂಪಾಯಿ ಎಂದು ತೋರಿಸುತ್ತಿದ್ದರೆ 4,000 ಮಾಡಿಬಿಡೋಣ ಎಂದು ಹನಿ ಹನಿ ಒತ್ತುತ್ತಾರೆ. ಆ ಹೆಚ್ಚಿನ ಡೀಸೆಲ್ ಗಾಳಿಗಾಗಿ ಬಿಟ್ಟ ಜಾಗಕ್ಕೆ, ಗಾಳಿ ಪೈಪಿಗೇ ನುಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಬಾಯಿ ಮಟ್ಟ ತುಂಬಿದ 60 ಲೀಟರ್ ಡೀಸೆಲ್ ಮಧ್ಯಾಹ್ನಕ್ಕೆ 25 ಡಿಗ್ರಿ ಬಿಸಿಯೇರಿದರೆ ಸುಮಾರು ಒಂದೂಕಾಲು ಲೀಟರ್ ಹಿಗ್ಗುತ್ತದೆ. ಏಪ್ರಿಲ್‌ನ ಕಲಬುರಗಿ ಬಿಸಿಲು, ಅದರ ಮೇಲೆ ಎಂಜಿನ್‌ನಿಂದ ಬಿಸಿಯಾಗಿ ಟ್ಯಾಂಕಿಗೆ ಮರಳುವ ಡೀಸೆಲ್, ಎರಡೂ ಸೇರಿದರೆ 25 ಡಿಗ್ರಿ ಏನೂ ಅಲ್ಲ. ಹಿಗ್ಗಿದ್ದು ಎಲ್ಲಿಗೆ ಹೋಗಬೇಕು? ಪೈಪಿನಿಂದ ರಸ್ತೆಗೆ.

ತುಂಬುವಾಗಲೇ ಗನ್ ಮತ್ತೆ ಮತ್ತೆ ಟಕ್ ಎಂದು ನಿಲ್ಲುತ್ತಿದ್ದರೆ, ಡೀಸೆಲ್ ಮುಖಕ್ಕೆ ಚಿಮ್ಮುತ್ತಿದ್ದರೆ, ಈ ಎರಡನೆಯ ಪೈಪು ಮಡಚಿಕೊಂಡಿದೆ ಎಂದು ತಿಳಿಯಬೇಕು.

ಇನ್ನು ಬಗ್ಗಿ ನೋಡುವ ಕೆಲಸ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ, ಎಂಜಿನ್ ತಣ್ಣಗಿರಲಿ, ಟ್ಯಾಂಕಿನಲ್ಲಿ ಡೀಸೆಲ್ ಕಾಲು ಭಾಗಕ್ಕಿಂತ ಹೆಚ್ಚಿಲ್ಲದಿದ್ದರೆ ಒಳ್ಳೆಯದು. ಹೆಚ್ಚಿನ ಪಿಕಪ್‌ಗಳಲ್ಲಿ ಟ್ಯಾಂಕು ಲೋಡ್ ಬಾಡಿಯ ಕೆಳಗೆ ಚಾಸಿಗೆ ಅಂಟಿಕೊಂಡಂತೆ ಇರುತ್ತದೆ. ಮುಚ್ಚಳದ ಬಾಯಿಯಿಂದ ಶುರುಮಾಡಿ ಪೈಪಿನ ಜಾಡು ಹಿಡಿದು ಟ್ಯಾಂಕಿನ ತಲೆಯವರೆಗೆ ಟಾರ್ಚ್ ಹಿಡಿದು ಹೋಗಿ. ಮೊದಲು ಒಣಬಟ್ಟೆಯಿಂದ ಒರೆಸಬೇಡಿ, ಒರೆಸಿದರೆ ಸಾಕ್ಷಿ ಹೋಯಿತು. ಡೀಸೆಲ್ ಜಿನುಗುವ ಕಡೆ ದೂಳು ಅಂಟಿ ಕರಿಯ ಜಿಡ್ಡಿನ ಪದರ ಕಟ್ಟಿರುತ್ತದೆ. ಸುತ್ತಲ ಮಣ್ಣು ಬೂದು ಬಣ್ಣದಲ್ಲಿ ಉದುರುತ್ತಿರುವಾಗ ಅಂಗೈ ಅಗಲ ಮಾತ್ರ ಒದ್ದೆಗಪ್ಪಾಗಿದ್ದರೆ ಬಿರುಕು ಅದರ ಮೇಲಣ ಭಾಗದಲ್ಲೇ ಎಲ್ಲೋ ಇದೆ, ಏಕೆಂದರೆ ಡೀಸೆಲ್ ಕೆಳಕ್ಕೆ ಹರಿದು ನಿಲ್ಲುತ್ತದೆ.

ಆಮೇಲೆ ಕೈ. ಪೈಪನ್ನು ಬೆರಳುಗಳ ನಡುವೆ ಹಿಸುಕಿ. ಒಳ್ಳೆಯ ರಬ್ಬರ್ ಕುಗ್ಗಿ ಮತ್ತೆ ಹಿಗ್ಗುತ್ತದೆ. ಕುಗ್ಗದೆ ಗಟ್ಟಿಯಾಗಿದ್ದರೆ ವಯಸ್ಸಾಗಿದೆ, ಒತ್ತಿದ ಗುರುತು ಹಾಗೇ ಉಳಿದರೆ ಡೀಸೆಲ್ ಕುಡಿದು ಮೆತ್ತಗಾಗಿದೆ. ಎರಡೂ ಬದಲಿಸಬೇಕಾದವೇ. ಕ್ಲಿಪ್ಪಿನ ಅಕ್ಕಪಕ್ಕದ ಒಂದು ಇಂಚು ಜಾಗವನ್ನು ಮಡಚಿ ನೋಡಿ, ನೆಟ್ಟಗಿದ್ದಾಗ ಕಾಣದ ಬಿರುಕು ಮಡಚಿದಾಗ ಬಾಯಿ ಬಿಡುತ್ತದೆ. ಟ್ಯಾಂಕಿನ ಪಟ್ಟಿ ಪೈಪಿನ ಮೇಲೆ ಕೂತು ಚಪ್ಪಟೆ ಮಾಡಿರಬಹುದು, ಯಾವಾಗಲೋ ಟ್ಯಾಂಕು ಇಳಿಸಿ ಏರಿಸಿದ ಗಾಡಿಗಳಲ್ಲಿ ಇದನ್ನೇ ಮೊದಲು ಹುಡುಕಿ. ಚಾಸಿಯ ಅಂಚಿಗೆ ಉಜ್ಜಿ ಸವೆದಿರಬಹುದು. ಪೈಪು ನಡುವೆ ಜೋತು ಬಿದ್ದಿದ್ದರೆ ಆ ತಗ್ಗಿನಲ್ಲಿ ಡೀಸೆಲ್ ನಿಂತು ಅದೇ ಬಿರಡೆಯಾಗುತ್ತದೆ, ಕ್ಲ್ಯಾಂಪ್ ಹಾಕಿ ಮೇಲೆತ್ತಿ ಕಟ್ಟಿ.

ಒಳಗೆ ಗಾಳಿ ಆಡುತ್ತದೆಯೇ ಎಂದು ನೋಡಲು ಪೈಪನ್ನು ಟ್ಯಾಂಕಿನಿಂದ ಬಿಡಿಸಿ, ಆ ತೂತಿಗೆ ಶುಭ್ರ ಬಟ್ಟೆ ಸಿಕ್ಕಿಸಿ, ಬಿಡಿಸಿದ ಪೈಪಿಗೆ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಬಿಡಿ. ಕಂಪ್ರೆಸರ್ ಗನ್ ಹಿಡಿದು ಟ್ಯಾಂಕಿಗೇ ಗಾಳಿ ಹೊಡೆಯುವವರನ್ನು ಕಂಡರೆ ಗಾಡಿ ಅಲ್ಲಿಂದ ತೆಗೆದುಕೊಂಡು ಬನ್ನಿ. ಟ್ಯಾಂಕಿನ ತಲೆಯ ಮೇಲೆ, ಗಾಡಿ ಮಗುಚಿದರೆ ಡೀಸೆಲ್ ಸುರಿಯದಂತೆ ಮುಚ್ಚಿಕೊಳ್ಳುವ ಸಣ್ಣ ವಾಲ್ವ್ ಇರುತ್ತದೆ, ಅದು ಆ ಹೊಡೆತಕ್ಕೆ ಒಡೆಯುತ್ತದೆ. ಬಾಯಿಂದ ಎಳೆದು ನೋಡುವುದು ಇನ್ನೂ ಕೆಟ್ಟದ್ದು. ಹೊಟ್ಟೆಗೆ ಹೋದ ಡೀಸೆಲ್‌ಗಿಂತ ಶ್ವಾಸಕೋಶಕ್ಕೆ ಹೋದ ಡೀಸೆಲ್ ಹೆಚ್ಚು ಅಪಾಯ, ಕೆಮ್ಮು ಬಂದ ಕ್ಷಣದಲ್ಲೇ ಅದು ಅಲ್ಲಿಗೆ ಇಳಿದಿರುತ್ತದೆ.

ಹೊಸ ಪೈಪು ಕೊಳ್ಳುವ ವಿಚಾರ. ಸುಲ್ತಾನ್ ಬಜಾರಿಗೆ ಬಂದ ಚಾಲಕನಿಗೆ ಹತ್ತಿರದಲ್ಲೇ ಟ್ರೂಪ್ ಬಜಾರ್ ಇದೆ. ನಲ್ಲಿ, ಪೈಪು, ವಿದ್ಯುತ್ ಸಾಮಾನಿಗೆ ಹೆಸರಾದ ಬೀದಿ. ಅಲ್ಲಿ ಒಳ್ಳೆಯ ನೀರಿನ ಪೈಪು ಸಿಗುತ್ತದೆ, ಅದು ನೀರಿಗೇ ಸರಿ. ಪಾರದರ್ಶಕ ಪ್ಲಾಸ್ಟಿಕ್ ಪೈಪು ಡೀಸೆಲ್ ತಾಗಿ ಕೆಲವೇ ತಿಂಗಳಲ್ಲಿ ಹಳದಿಯಾಗಿ ಸೆಟೆದು ಸೀಳುತ್ತದೆ. ರೇಡಿಯೇಟರಿಗೆ ಹಾಕುವ ಕರಿ ರಬ್ಬರ್ ಪೈಪು ನೋಡಲು ಇದರ ಹಾಗೇ ಇದ್ದರೂ ಅದು ಬಿಸಿನೀರು ತಡೆಯುವ ಬೇರೆ ಜಾತಿಯ ರಬ್ಬರು, ಡೀಸೆಲ್ ತಾಗಿದರೆ ಉಬ್ಬಿ ಒಳದಾರಿ ತಾನೇ ಮುಚ್ಚಿಕೊಳ್ಳುತ್ತದೆ. ಬೇಕಾದದ್ದು ಒಳಪದರ ನೈಟ್ರೈಲ್ ರಬ್ಬರಿನ ಫ್ಯೂಯೆಲ್ ಹೋಸ್. ಮೂಸಿ ನದಿಯ ಆಚೆಗೆ ಅಲೆಯದೆ ಸಿಕಂದರಾಬಾದಿನ ರಾಣಿಗಂಜಿಗೆ ಹೋದರೆ ವಾಹನದ ಬಿಡಿಭಾಗದ ಅಂಗಡಿಗಳ ಸಾಲೇ ಇದೆ. ಪೈಪಿನ ಮೈ ಮೇಲೆ ಎಸ್‌ಎಇ ಜೆ30, ಆರ್6 ಅಥವಾ ಆರ್7 ಎಂದು ಅಚ್ಚಾಗಿದೆಯೇ ನೋಡಿ. ಹಳೆಯ ಪೈಪಿನ ತುಂಡು ಜೊತೆಗಿರಲಿ. ಅಳತೆ ಒಳವ್ಯಾಸದ್ದು, ಹೊರಗಿನ ದಪ್ಪ ನೋಡಿ ತಂದರೆ ಮತ್ತೆ ಓಡಾಟ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್ 6 ಡೀಸೆಲ್ ಬಂದಿದೆ, ಅದರಲ್ಲಿ ಗಂಧಕ ಹತ್ತು ಲಕ್ಷಕ್ಕೆ ಹತ್ತೇ ಪಾಲು. ಗಂಧಕ ತೆಗೆಯುವ ಸಂಸ್ಕರಣೆ ಡೀಸೆಲ್‌ನ ಗುಣವನ್ನೂ ಒಂದಿಷ್ಟು ಬದಲಿಸುತ್ತದೆ, ಹಳೇ ಡೀಸೆಲ್ ಕುಡಿದು ಉಬ್ಬಿಕೊಂಡಿದ್ದ ಹಳೇ ರಬ್ಬರು ಹೊಸದರಲ್ಲಿ ಕುಗ್ಗಿ ಸೋರುವುದುಂಟು. 2020ಕ್ಕೆ ಮೊದಲಿನ ಗಾಡಿ ಇಟ್ಟುಕೊಂಡವರು ಮೂಲ ಪೈಪೇ ಇದ್ದರೆ ಚೆನ್ನಾಗಿ ಕಂಡರೂ ಬದಲಿಸಿಬಿಡಿ ಎಂದೇ ನನ್ನ ಸಲಹೆ.

ಕ್ಲಿಪ್ಪು ಬಿಗಿಯುವಾಗ ತೋಳ್ಬಲ ಬೇಡ. ಸ್ಕ್ರೂ ತಿರುಗಿಸಿ ಬಿಗಿಯುವ ಈ ಕ್ಲಿಪ್ಪನ್ನು 1921ರಲ್ಲಿ ಪೇಟೆಂಟ್ ಮಾಡಿಸಿದವನು ಲಮ್ಲಿ ರಾಬಿನ್ಸನ್ ಎಂಬ ಬ್ರಿಟಿಷ್ ನೌಕಾ ಅಧಿಕಾರಿ. ನೂರು ವರ್ಷ ದಾಟಿದರೂ ಅದನ್ನು ಎಷ್ಟು ಬಿಗಿಯಬೇಕೆಂಬುದು ಮಾತ್ರ ಎಲ್ಲರಿಗೂ ತಿಳಿದಿಲ್ಲ! ಪಟ್ಟಿಯ ತೂತುಗಳಿಂದ ರಬ್ಬರ್ ಹೊರಗೆ ಉಬ್ಬಿ ಬಂದರೆ ಮಿತಿ ಮೀರಿದೆ, ಅಲ್ಲೇ ಪೈಪು ಸೀಳುತ್ತದೆ.

ಮಳೆಗಾಲದ ಮಾತೂ ಇದೆ. ಪೈಪಿನ ಹೊರತುದಿಯನ್ನು ಕಂಪನಿಯವರು ಟ್ಯಾಂಕಿಗಿಂತ ಮೇಲೆ ಒಯ್ದು ಅಲ್ಲಿಂದ ಕೆಳಮುಖ ಮಾಡಿರುತ್ತಾರೆ. ರಿಪೇರಿಯಲ್ಲಿ ಪೈಪು ಗಿಡ್ಡವಾಗಿ ತುದಿ ಕೆಳಗೆ ನೇತಾಡಿದರೆ ಕಷ್ಟ. ಚಾದರ್‌ಘಾಟ್ ದಾಟಿ ಮಲಕ್‌ಪೇಟೆ ರೈಲ್ವೆ ಸೇತುವೆಯ ಕೆಳಗೆ ಜೋರು ಮಳೆಗೆ ನೀರು ನಿಲ್ಲುವುದು ಈ ಊರಿನವರಿಗೆ ಗೊತ್ತು. ಬಿಸಿಯಾದ ಟ್ಯಾಂಕು ಅಂಥ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗುತ್ತದೆ, ನೀರಿನಲ್ಲಿ ಮುಳುಗಿದ ಪೈಪು ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ಹಾಗೆ ದಾಟಿ ಬಂದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಡೀಸೆಲ್‌ಗೆ ನೀರು ಸೇರಿದೆ ಎನ್ನುವ ದೀಪ ಹತ್ತಿದರೆ ಮನೆ ಮುಟ್ಟಿಸಿ ನೋಡೋಣ ಎನ್ನದೆ ಅಲ್ಲೇ ನಿಲ್ಲಿಸಿ ಫಿಲ್ಟರಿನ ತಳದ ತಿರುಪು ಬಿಚ್ಚಿ ನೀರು ಇಳಿಸಿ.

ಬೆಂಕಿಯ ವಿಷಯ ಕೊನೆಗಿಟ್ಟೆ. ಡೀಸೆಲ್ ಪೆಟ್ರೋಲಿನ ಹಾಗಲ್ಲ, ಕಡ್ಡಿ ಗೀರಿದರೂ ಹೊತ್ತುವುದಿಲ್ಲ ಎಂದು ಗ್ಯಾರೇಜುಗಳಲ್ಲಿ ಧೈರ್ಯವಾಗಿ ಹೇಳುತ್ತಾರೆ. ತಂಪು ದೇಶಗಳಲ್ಲಿ ಆ ಮಾತು ನಡೆದೀತು. ಯುರೋಪಿನಲ್ಲಿ ಡೀಸೆಲ್‌ನ ಹಬೆ 55 ಡಿಗ್ರಿಗಿಂತ ಮೇಲೆ ಮಾತ್ರ ಕಿಡಿಗೆ ಹೊತ್ತಬಹುದಾದಷ್ಟು ಏಳಬೇಕೆಂಬ ನಿಯಮವಿದೆ. ನಮ್ಮ ಭಾರತೀಯ ಮಾನಕದಲ್ಲಿ ಆ ಮಿತಿ 35 ಡಿಗ್ರಿ. ಮೇ ತಿಂಗಳಲ್ಲಿ ರಾಯಚೂರಿನ ನೆರಳಿನಲ್ಲೇ ಅದಕ್ಕಿಂತ ಹೆಚ್ಚು ಬಿಸಿಯಿರುತ್ತದೆ, ಬಿಸಿಲಿಗೆ ನಿಂತ ಟ್ಯಾಂಕಿನ ಮಾತು ಹೇಳುವುದೇ ಬೇಡ. ಗಾಳಿ ಪೈಪಿನ ಬಾಯಿಂದ ಹೊರಡುವುದು ಆ ಹಬೆಯೇ. ಲೋಡ್ ಬಾಡಿಯ ಕಬ್ಬಿಣ ಬಿಟ್ಟಿದೆ ಎಂದು ವೆಲ್ಡಿಂಗ್ ಮಾಡಿಸಲು ನಿಲ್ಲಿಸಿದಾಗ ಆ ಬಾಯಿ ಎಲ್ಲಿದೆ ಎಂದು ವೆಲ್ಡರಿಗೆ ನೀವೇ ತೋರಿಸಿ, ಟ್ಯಾಂಕಿನ ಹತ್ತಿರದ ಕೆಲಸವಾದರೆ ಟ್ಯಾಂಕು ಇಳಿಸಿಯೇ ಮಾಡಲಿ. ಪೈಪು ಬದಲಿಸಿದ ದಿನವೂ ಅಷ್ಟೆ, ಹೊಸದು ಸೈಲೆನ್ಸರಿನಿಂದ ದೂರ ಇದೆಯೇ ನೋಡಿ ಕಟ್ಟಿಸಿ, ಫುಲ್ ಟ್ಯಾಂಕ್ ಮಾಡಿಸಿ, ಒಂದು ಗಂಟೆ ಲೋಡಿನ ಮೇಲೆ ಓಡಿಸಿ, ನಿಲ್ಲಿಸಿ, ಮುಚ್ಚಳ ತಿರುಗಿಸಿ ಕೇಳಿ.